ಕೈಯಳತೆಯ ಪಿಸ್ತೂಲು

ಮಧುಸೂದನನಿಗೆ ಸದ್ದೆಂದರೆ ಆಗದು. ದೀಪಾವಳಿಯ ಮೂರು ದಿನವೂ ಕಿವಿಗೆ ಹತ್ತಿ ತುರುಕಿಕೊಂಡು, ಹೆಂಡತಿ ಏನು ಕೇಳಿದರೂ "ಹೂಂ" ಎಂದುಬಿಡುವ ಮನುಷ್ಯ. ಹತ್ತೊಂಬತ್ತು ವರ್ಷಗಳಿಂದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಅಲ್ಲಿ ಯಾರಾದರೂ ಕುರ್ಚಿ ಎಳೆದರೂ ಕನ್ನಡಕದ ಮೇಲಿನಿಂದ ದಿಟ್ಟಿಸುತ್ತಾನೆ. ಇಂಥವನಿಗೆ ಆಯುಧಪೂಜೆಯ ದಿನ ಬೆಳಿಗ್ಗೆ ಏಳು ಗಂಟೆಗೆ, ಸಂಜೆಯೊಳಗೆ ಒಂದು ಪಿಸ್ತೂಲು ಕೊಂಡು ತರಬೇಕಾದ ಪ್ರಸಂಗ ಬಂತು.

ಕಾರಣ ಮಗಳು ಆರಾಧನಾ. ಹನ್ನೆರಡು ವರ್ಷದ ಹುಡುಗಿ. ಬೇಸಿಗೆ ರಜೆಯಲ್ಲಿ ಹತ್ತು ದಿನದ ಶೂಟಿಂಗ್ ಶಿಬಿರಕ್ಕೆ ಹೋಗಿಬಂದವಳು, ಅಂದಿನಿಂದ ಗೋಡೆಯ ಕ್ಯಾಲೆಂಡರಿನ ಸೊನ್ನೆಗಳನ್ನೆಲ್ಲ ಒಂದು ಕಣ್ಣು ಮುಚ್ಚಿ ನೋಡತೊಡಗಿದ್ದಳು. ಆ ಹತ್ತು ದಿನವೂ ಅವಳನ್ನು ಸ್ಕೂಟರಿನಲ್ಲಿ ಬಿಟ್ಟು ಬಂದವನು ಮಧುಸೂದನನೇ. ಆದರೆ ಒಳಗೆ ಕಾಲಿಟ್ಟವನಲ್ಲ, ಗೇಟಿನಾಚೆ ಮರದ ಕೆಳಗೆ ಹತ್ತಿ ತುರುಕಿಕೊಂಡು ಪೇಪರು ಓದುತ್ತಿದ್ದ.

ಕ್ಲಬ್ಬಿನ ಹೊಸ ತಂಡ ವಿಜಯದಶಮಿಯ ಬೆಳಿಗ್ಗೆ ಆರೂವರೆಗೆ ಶುರುವಾಗುವುದಿತ್ತು. ಹಿಂದಿನ ದಿನ, ಅಂದರೆ ನಮ್ಮ ಕತೆಯ ದಿನ, ಪೋಷಕರ ವಾಟ್ಸಾಪ್ ಗುಂಪಿಗೆ ಸಂದೇಶ ಬಂತು. ಕ್ಲಬ್ಬಿನ ಪಿಸ್ತೂಲುಗಳೆಲ್ಲ ಹಂಚಿಕೆಯಾಗಿವೆ, ಸ್ವಂತ ಏರ್ ಪಿಸ್ತೂಲು ತರುವವರಿಗೆ ಮಾತ್ರ ಒಂದು ಸೀಟು ಉಳಿದಿದೆ, ಎಂದು.

ಆರಾಧನಾ ಅದನ್ನು ಓದಿ ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಪರವಾಗಿಲ್ಲ ಬಿಡಪ್ಪ," ಎಂದಳು.

ಈ ಮಾತನ್ನು ಅವಳು ಮೊದಲೂ ಮೂರು ಸಲ ಆಡಿದ್ದಳು. ಕೀಬೋರ್ಡು ಕೊಡಿಸುತ್ತೇನೆಂದು ಹೇಳಿ, ಸದ್ದಿಗೆ ಹೆದರಿ ಬಿಟ್ಟಾಗ ಒಮ್ಮೆ. ನಾಯಿಮರಿ ತರುತ್ತೇನೆಂದು ಹೇಳಿ, ಅದು ಬೊಗಳಬಹುದೆಂದು ಹೊಳೆದು ಸುಮ್ಮನಾದಾಗ ಇನ್ನೊಮ್ಮೆ. ಈಜು ಕಲಿಯಲು ಸೇರಿಸುತ್ತೇನೆಂದು ಹೋಗಿ, ಅಲ್ಲಿ ಮಕ್ಕಳು ಕಿರುಚುವುದನ್ನು ಕೇಳಿ ವಾಪಸ್ ಬಂದಾಗ ಮತ್ತೊಮ್ಮೆ. ಮಗಳು ಅತ್ತು ರಂಪ ಮಾಡಿದ್ದರೆ ಮಧುಸೂದನ ತಡೆದುಕೊಳ್ಳುತ್ತಿದ್ದ. ಈ "ಪರವಾಗಿಲ್ಲ"ವನ್ನು ಮಾತ್ರ ನಾಲ್ಕನೆಯ ಸಲವೂ ಕೇಳಿಕೊಂಡು ಕೂರಲು ಅವನಿಂದ ಆಗಲಿಲ್ಲ.

"ಸಂಜೆಯೊಳಗೆ ತರ್ತೀನಿ," ಎಂದುಬಿಟ್ಟ.

ಅವನ ತಾಯಿ ರಂಗನಾಯಕಿ ಗೊಂಬೆಗಳ ಮುಂದೆ ರಂಗೋಲಿ ಹಾಕುತ್ತಿದ್ದವರು ತಲೆ ಎತ್ತಿದರು. ಬೈಯುತ್ತಾರೆಂದು ಅವನು ಅಂದುಕೊಂಡದ್ದು ಸುಳ್ಳಾಯಿತು.

"ತಾ. ಇಷ್ಟು ವರ್ಷ ಈಳಿಗೆಮಣೆ, ಹೊಲಿಗೆ ಮಿಷನ್ನು ಇಟ್ಕೊಂಡೇ ಆಯುಧಪೂಜೆ ಮಾಡಿದ್ದಾಯ್ತು. ಒಂದ್ಸಲ ನಿಜವಾದ ಆಯುಧಾನೇ ಬರ್ಲಿ. ಆದ್ರೆ ಹೆಣ್ಣುಮಗೂನ ಹಬ್ಬದ ದಿನ ಬಂದೂಕಿನಂಗಡಿಗೆ ಕರ್ಕೊಂಡ್ ಹೋಗೋದು ಬೇಡ. ಅವಳು ಮನೆಮನೆಗೆ ಹೋಗಿ ಗೊಂಬೆ ಆರತಿಗೆ ಕರೀಬೇಕು."

"ಅವಳ ಕೈಗೆ ಕೂರ್ಬೇಕಲ್ಲಮ್ಮಾ."

"ಮನೇಲಿರೋರಿಗೆ ಬಳೆ ತರಕ್ಕೆ ಅಳತೆ ತಗೊಂಡ್ ಹೋಗಲ್ವಾ? ಹಾಗೇ."

ಹೋದ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನಿನ ಮೇಲೆ ಅಳತೆ ತೆಗೆಯುವುದೆಂದಾಯಿತು. ರಂಗನಾಯಕಿ ಪೆನ್ಸಿಲ್ ಹಿಡಿದು ಕೂತರು. ಆರಾಧನಾಳ ಬಲಗೈಯಲ್ಲಿ ಅರ್ಧ ಚಕ್ಕುಲಿ ಇತ್ತು. ಅವಳು ಎಡಗೈಯನ್ನು ಹಾಳೆಯ ಮೇಲಿಟ್ಟಳು.

"ಆ ಕೈಯಲ್ಲ ಕಣೇ, ಈ ಕೈ. ಪೂಜೆಗೆ ತರೋ ಸಾಮಾನು."

"ಅಜ್ಜಿ, ಆದ್ರೆ..."

"ಹಬ್ಬದ ದಿನ ಎದುರು ಮಾತಾಡ್ಬೇಡ. ಚಕ್ಕುಲಿ ಆ ಕೈಗೆ ತಗೋ."

ಚಕ್ಕುಲಿ ಎಡಗೈಗೆ ಹೋಯಿತು. ಬಲಗೈಯ ಐದು ಬೆರಳೂ ಹಾಳೆಯ ಮೇಲೆ ಮೂಡಿದವು. ರಂಗನಾಯಕಿ ಹಾಳೆಯ ನಾಲ್ಕು ಮೂಲೆಗೂ ಕುಂಕುಮ ಹಚ್ಚಿ ಮಗನ ಕೈಗೆ ಕೊಟ್ಟರು.

ಬಾಗಿಲು ದಾಟುವಷ್ಟರಲ್ಲಿ ಪಕ್ಕದ ಮನೆಯ ಶೀನಣ್ಣ ಚಪ್ಪಲಿ ಮೆಟ್ಟಿಕೊಂಡು ಸಿದ್ಧರಾಗಿ ನಿಂತಿದ್ದರು. ನಡುವಿನ ಗೋಡೆ ಗಿಡ್ಡವಾದ್ದರಿಂದ ಈ ಮನೆಯ ಸುದ್ದಿಗೆ ಅವರೇನೂ ಕಷ್ಟಪಡಬೇಕಿರಲಿಲ್ಲ. ಐವತ್ತು ವರ್ಷದ ಹಿಂದೆ ಕಾಲೇಜಿನಲ್ಲಿದ್ದಾಗ ಎನ್‌ಸಿಸಿಗೆ ಸೇರಿ ಒಟ್ಟು ಐದು ಗುಂಡು ಹೊಡೆದವರು ಅವರು. ಆ ಐದೂ ಎಲ್ಲೆಲ್ಲಿ ಹೋದವೆಂಬುದನ್ನು ಬಸವನಗುಡಿಯ ಆ ಬೀದಿಯಲ್ಲಿ ಕೇಳದವರಿಲ್ಲ.

"ಏರ್ ಪಿಸ್ತೂಲು ಅಂದ್ರೆ ಕಡಲೆಕಾಯಿ ಪರಿಷೇಲಿ ಬಲೂನು ಹೊಡಿಯೋದು ಕಣೋ ಮಧು," ಎಂದರು ದಾರಿಯಲ್ಲಿ. "ನಿಜವಾದ ಗುಂಡು ಹಾರೋ ಪಾಯಿಂಟ್ ಟೂಟೂ ತಗೋ. ಇನ್ನೂ ದೊಡ್ಡದು ಕೊಟ್ರೂ ತಗೋ. ಮಕ್ಕಳಿಗೆ ಯಾವಾಗ್ಲೂ ಎರಡು ವರ್ಷ ಮುಂದಿಂದು ಕೊಡಿಸ್ಬೇಕು. ನಮ್ಮ ಯೂನಿಫಾರಂ ಹೇಗೆ ಹೊಲಿಸ್ತಿದ್ರು?"

ಅಂಗಡಿ ಚಾಮರಾಜಪೇಟೆಯ ಒಂದು ಓಣಿಯಲ್ಲಿ, ಮೊದಲ ಮಹಡಿಯ ಮೇಲೆ. ಯಜಮಾನ ರಾಮಾನುಜ ಎಂಬಾತ, ಹಣೆಯ ಮೇಲೆ ಎದ್ದು ಕಾಣುವ ನಾಮ, ಸಣ್ಣ ದನಿ. ಮಧುಸೂದನನಿಗೆ ಆ ದನಿ ಕೇಳಿಯೇ ಅರ್ಧ ಜೀವ ಬಂತು. ಆದರೆ ಅಂಗಡಿಯ ಗಾಜಿನ ಕಪಾಟುಗಳು ಖಾಲಿಯಾಗಿದ್ದವು. ಸರಕೆಲ್ಲ ಉದ್ದ ಮೇಜಿನ ಮೇಲೆ, ಬಿಳಿ ಪಂಚೆಯ ಮೇಲೆ ಸಾಲಾಗಿ ಮಲಗಿತ್ತು. ಪ್ರತಿ ಬಂದೂಕಿಗೂ ಅರಿಶಿನ ಕುಂಕುಮ, ಜೋಡುನಳಿಗೆಗಳ ಬಾಯಿಗೆ ಒಂದೊಂದು ಚೆಂಡುಹೂವು.

"ಮಗೂಗೆ ಪಾಯಿಂಟ್ ಟೂಟೂ ತೋರ್ಸಿ," ಎಂದರು ಶೀನಣ್ಣ.

ರಾಮಾನುಜ ಅವರನ್ನು ಬಿಟ್ಟು ಮಧುಸೂದನನ ಕಡೆ ತಿರುಗಿದ. "ಅದಕ್ಕೆ ಲೈಸೆನ್ಸು, ರೈಫಲ್ ಅಸೋಸಿಯೇಶನ್ ಸದಸ್ಯತ್ವ ಎಲ್ಲಾ ಬೇಕು ಸಾರ್. ಒದೆಯುತ್ತೆ, ಸದ್ದು ಮಾಡುತ್ತೆ. ಹೊಸದಾಗಿ ಕಲಿಯೋ ಮಗು ಸದ್ದಿಗೆ ಒಂದ್ಸಲ ಬೆಚ್ಚಿದ್ರೆ, ಆಮೇಲೆ ಗುಂಡು ಹೋಗೋಕೆ ಮುಂಚೇನೇ ಕಣ್ಣು ಮುಚ್ಚಕ್ಕೆ ಶುರು ಮಾಡುತ್ತೆ. ಆ ಚಾಳಿ ಬಿಡ್ಸೋದು ಬಹಳ ಕಷ್ಟ. ಶುರುವಿಗೆ ಏರ್ ಪಿಸ್ತೂಲೇ ಸರಿ. ಅದರಲ್ಲೂ ಹಗುರ ಇರೋದು."

ಸದ್ದಿಗೆ ಬೆಚ್ಚುವವರ ಕಷ್ಟ ತಿಳಿದ ಮನುಷ್ಯನೊಬ್ಬ ಕೊನೆಗೂ ಸಿಕ್ಕಿದನೆಂದು ಮಧುಸೂದನನ ಕಣ್ಣು ತುಂಬಿ ಬಂತು. "ಹಾಗಾದ್ರೆ ತೋರ್ಸಿ," ಎಂದ.

"ತೋರ್ಸೋ ಹಾಗಿಲ್ವಲ್ಲ ಸಾರ್. ಪೂಜೆಗೆ ಇಟ್ಟಾಗಿದೆ. ಮಂಗಳಾರತಿ ಆಗೋವರೆಗೂ ಕೈ ಹಚ್ಚಲ್ಲ. ಭಟ್ಟರು ಹತ್ತಕ್ಕೆ ಬರ್ಬೇಕಿತ್ತು, ಅರವತ್ತು ಲಾರಿ ಇರೋ ಒಂದು ಗ್ಯಾರೇಜಲ್ಲಿ ಸಿಕ್ಕಾಕೊಂಡಿದಾರಂತೆ. ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ನಾನು ಬಾಗಿಲು ಹಾಕ್ತೀನಿ."

ಆಗಲೇ ಹನ್ನೊಂದೂಮುಕ್ಕಾಲು. ಮಧುಸೂದನನ ಕಿವಿಯಲ್ಲಿ "ಪರವಾಗಿಲ್ಲ ಬಿಡಪ್ಪ" ಮೊಳಗಿತು.

"ಭಟ್ಟರು ಯಾಕ್ರೀ," ಎಂದರು ಶೀನಣ್ಣ. "ಇವನಿಗೇ ಮಂತ್ರ ಬರುತ್ತೆ. ಇವರಪ್ಪ ಕೂರಿಸ್ಕೊಂಡು ಹೇಳಿಕೊಟ್ಟಿದಾರೆ. ಷರ್ಟ್ ಬಿಚ್ಚೋ ಮಧು."

ಮಧುಸೂದನ ಬಾಯಿ ತೆರೆಯುವ ಮುನ್ನವೇ ರಾಮಾನುಜ ಮಣೆ ಹಾಕಿದ. ಮಧುಸೂದನನಿಗೆ ಪೂರ್ತಿ ಬರುತ್ತಿದ್ದದ್ದು ಗಣಪತಿ ಪೂಜೆ ಒಂದೇ. ಅಲ್ಲಿಂದಾಚೆ ನೆನಪು ಕೈಕೊಟ್ಟಿತು. ಸುಮ್ಮನಾದರೆ ಪಿಸ್ತೂಲು ಸಿಗದು. ಹಾಗಾಗಿ ಬೇರೆಯವರ ಮದುವೆಗಳಲ್ಲಿ ಕೇಳಿ ಕಿವಿಯಲ್ಲುಳಿದ ಮಂತ್ರಗಳನ್ನೇ ತುಟಿಯೊಳಗೆ ಗೊಣಗುತ್ತ ಅಕ್ಷತೆ ಹಾಕಿದ. ಆ ಲೆಕ್ಕದಲ್ಲಿ ಅಂದು ಚಾಮರಾಜಪೇಟೆಯ ಹದಿನೇಳು ಬಂದೂಕುಗಳಿಗೆ ಮದುವೆಯಾಗಿರಬೇಕು. ರಾಮಾನುಜ ಮಾತ್ರ ಭಕ್ತಿಯಿಂದ ಗಂಟೆ ಬಾರಿಸಿದ.

ಮಂಗಳಾರತಿಯಾದ ಮೇಲೆ ಅವನು ಮೂರು ಏರ್ ಪಿಸ್ತೂಲುಗಳನ್ನು ಮುಂದಿಟ್ಟ. ಮೊದಲನೆಯದು ಮಧುಸೂದನ ಎತ್ತಿದೊಡನೆ ತೂಕಕ್ಕೆ ಮೂತಿ ತಗ್ಗಿಸಿ ಶೀನಣ್ಣನ ಹೊಟ್ಟೆಯ ಕಡೆ ತಿರುಗಿತು. ಶೀನಣ್ಣ ಐದು ಗುಂಡಿನ ಅನುಭವವನ್ನೆಲ್ಲ ಮರೆತು ಬೀರುವಿನ ಹಿಂದೆ ಸೇರಿದರು.

"ಖಾಲಿ ಇದ್ರೂ ಮನುಷ್ಯರ ಕಡೆ ಹಿಡೀಬಾರ್ದು ಸಾರ್," ಎಂದು ರಾಮಾನುಜ ಅದನ್ನು ಮೆಲ್ಲಗೆ ಬಿಡಿಸಿಕೊಂಡ. "ಇದು ಭಾರ. ಮಗು ಹತ್ತು ಗುಂಡಿಗೆ ಸುಸ್ತಾಗುತ್ತೆ. ಈ ಎರಡನೇದು ಹಗುರ, ಆದ್ರೆ ಟ್ರಿಗರ್ ಗಟ್ಟಿ. ಎಳೆಯುವಾಗ ಕೈ ಅಲ್ಲಾಡುತ್ತೆ. ಇದು ನೋಡಿ."

ಮೂರನೆಯದು ಚಿಕ್ಕದು, ಚೊಕ್ಕದ್ದು, ಮರದ ಹಿಡಿಯದು. ಅಂಗೈ ಕೂರುವ ಕಡೆ ಗುಳಿ, ಬೆರಳುಗಳಿಗೆ ತಗ್ಗು, ಹೆಬ್ಬೆರಳಿಗೆ ಒಂದು ದಿಂಬು. ರಾಮಾನುಜ ಕ್ಯಾಲೆಂಡರ್ ಹಾಳೆಯನ್ನು ಬಿಡಿಸಿ ಅಳತೆ ಹಿಡಿದು ನೋಡಿದ.

"ಸರಿಯಾಗಿ ಕೂತಿದೆ. ಈ ಮರದ ಹಿಡೀನ ಒಂದೇ ಕೈಗೆ ಅಂತ ಕೆತ್ತಿರ್ತಾರೆ ಸಾರ್, ಇನ್ನೊಂದು ಕೈಗೆ ಆಗಲ್ಲ. ಬಲಗೈ ತಾನೆ?"

"ಬಲಗೈನೇ. ನಮ್ಮನೇಲಿ ಎಲ್ಲಾರೂ ಬಲಗೈನೇ," ಎಂದ ಮಧುಸೂದನ, ತುಸು ಹೆಮ್ಮೆಯಿಂದಲೇ.

"ಎಲ್ಲಿ, ನೀವೇ ಹಿಡಿದು ನೋಡಿ. ನಿಮ್ಮ ಕೈಯೂ ಇದೇ ಅಳತೆ ಇದ್ದ ಹಾಗಿದೆ."

ಇದ್ದ ಹಾಗೇನು, ಇತ್ತು. ಮಧುಸೂದನನ ಕೈ ಗಂಡಸಿನ ಕೈಗಳ ಪೈಕಿ ಬಹಳ ಚಿಕ್ಕದು. ಬಳೇಪೇಟೆಯಲ್ಲಿ ಹೆಂಡತಿ ಪ್ರಿಯಂವದಾ ಮಗಳಿಗೆ ಬಳೆ ಕೊಳ್ಳುವಾಗಲೆಲ್ಲ ಇವನ ಕೈಗೇ ಹಾಕಿಸಿ ನೋಡುತ್ತಿದ್ದಳು. ಹಿಡಿಯೊಳಗೆ ಅವನ ಅಂಗೈ ಹೋಗಿ ಕೂತಿತು.

"ಇವತ್ತಿನ ಮೊದಲ ಬೋಣಿ ಸಾರ್. ಪೂಜೆ ಮಾಡಿ ಕೊಟ್ಟ ಮಾಲು ವಾಪಸ್ ತಗೊಳಲ್ಲ, ನಮ್ಮ ತಾತನ ಕಾಲದ ಪದ್ಧತಿ. ಇದಕ್ಕೆ ಲೈಸೆನ್ಸ್ ಬೇಡ. ನಿಮ್ಮ ಆಧಾರ್ ಜೆರಾಕ್ಸ್ ಒಂದು ಕೊಡಿ."

ಜೆರಾಕ್ಸ್ ಅಂಗಡಿ ಕೆಳಗೇ ಇತ್ತು. ಮಿಷನ್ನಿನ ಮೇಲೆ ಬಾಳೆಕಂದು, ಹೂವು. ಅಂಗಡಿಯ ಹನುಮಕ್ಕ ಕೈಕಟ್ಟಿ ಕೂತಿದ್ದಳು.

"ಪೂಜೆ ಆಗ್ದೆ ಸ್ವಿಚ್ ಹಾಕಲ್ಲ ಸ್ವಾಮಿ. ಮೇಲೆ ಗಂಟೆ ಬಾರ್ಸಿ ಮಂತ್ರ ಹೇಳ್ತಿದ್ದೋರು ನೀವೇ ಅಲ್ವಾ? ಬನ್ನಿ, ಇಲ್ಲೂ ಒಂದು ಮಂಗಳಾರತಿ ಎತ್ತಿ."

ಎತ್ತಿದ. ಪೂಜೆ ಮುಗಿಸಿ, ಒಂದು ಜೆರಾಕ್ಸ್ ಪಡೆದು ಹೊರಗೆ ಬಂದರೆ ಟೈರ್ ಅಂಗಡಿಯ ದೊಡ್ಡಬೈರಪ್ಪ ಬೂದುಗುಂಬಳಕಾಯಿ ಹಿಡಿದು ನಿಂತಿದ್ದ. ಆರಡಿ ಆಳು, ಗದ್ದಲದ ದನಿ.

"ಐನೋರೇ, ಭಟ್ರು ಬರಂಗ್ ಕಾಣಲ್ಲ. ನಮ್ದೂ ಒಂದ್ ಮುಗ್ಸ್‌ಬುಡಿ. ಜಾಸ್ತಿ ಏನಿಲ್ಲ, ಈ ಕಾಯಿ ಒಡುದ್ರೆ ಆಯ್ತು."

ಕುಂಬಳಕಾಯಿಯೊಳಗೆ ಹೊಟ್ಟೆತುಂಬ ಕುಂಕುಮ ತುಂಬಿಸಿದ್ದರು. ಅದು ಒಡೆಯುವಾಗ ಆಗುವ ಸದ್ದನ್ನು ನೆನೆದೇ ಮಧುಸೂದನ ಕಣ್ಣು ಮುಚ್ಚಿದ. ರಾಮಾನುಜ ಹೇಳಿದ ಚಾಳಿ ಅದೇ. ಮುಚ್ಚಿದ ಕಣ್ಣಿನಲ್ಲೇ ಮೂರು ಸಲ ನಿವಾಳಿಸಿ ಎತ್ತಿ ಹಾಕಿದ. ರಸ್ತೆಗೆ ಬೀಳಬೇಕಾದ ಕಾಯಿ ಅವನ ಮುಂದೆಯೇ ಇದ್ದ ಕಲ್ಲಿನ ಮೇಲೆ ಬಿದ್ದು ಸಿಡಿಯಿತು. ಕಣ್ಣು ಬಿಟ್ಟಾಗ ಷರ್ಟು, ಪ್ಯಾಂಟು, ಮೀಸೆ ಎಲ್ಲ ಕೆಂಪಗಿದ್ದವು. ದೊಡ್ಡಬೈರಪ್ಪನಿಗೆ ಬಹಳ ಸಂತೋಷವಾಯಿತು. "ದೃಷ್ಟಿ ಎಲ್ಲಾ ನಿಮ್ ಮೇಲೇ ಹೋಯ್ತು ಬುಡಿ," ಎಂದ.

ರಾಹುಕಾಲಕ್ಕೆ ಹತ್ತು ನಿಮಿಷವಿರುವಾಗ ಪಿಸ್ತೂಲಿನ ಪೆಟ್ಟಿಗೆ ಕೈಗೆ ಬಂತು. ಹಿಡಿಯ ಮೇಲೆ ಮೂರು ಬೊಟ್ಟು ಕುಂಕುಮ ಹಾಗೇ ಇತ್ತು. ಓಣಿಯ ಆಟೋಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು, ಒಂದೂ ಬರಲೊಲ್ಲದು.

"ಮೆಟ್ರೋಲಿ ಹೋಗ್ಬಿಡೋಣ," ಎಂದರು ಶೀನಣ್ಣ.

ನೆತ್ತಿಯಿಂದ ಮೊಣಕಾಲವರೆಗೆ ಕೆಂಪು ಮೆತ್ತಿಕೊಂಡ ಮನುಷ್ಯ ಕೈಚೀಲವನ್ನು ಎದೆಗವಚಿಕೊಂಡು ಬರುವುದನ್ನು ನೋಡಿ ಮೆಟ್ರೋ ನಿಲ್ದಾಣದ ಕಾವಲಿನವನು ಎದ್ದುನಿಂತ.

"ಚೀಲದಲ್ಲೇನಿದೆ?"

ಕ್ರೀಡಾ ಸಾಮಗ್ರಿ ಎಂದು ಹೇಳಬೇಕೆಂದು ಮಧುಸೂದನ ಮೆಟ್ಟಿಲುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಅಷ್ಟರಲ್ಲಿ ಶೀನಣ್ಣ ಹಿಂದಿನಿಂದ, "ಪಿಸ್ತೂಲು. ಈಗ ತಾನೇ ತಂದಿದ್ದು," ಎಂದರು.

ಮುಂದಿನ ಒಂದೂಕಾಲು ಗಂಟೆ ಮಧುಸೂದನ ಒಂದು ಸ್ಟೂಲಿನ ಮೇಲೆ ಕೂತಿದ್ದ. ಅದು ರಕ್ತವಲ್ಲವೆಂದು ತೋರಿಸಲು ಮೂವರು ಅವನ ಷರ್ಟನ್ನು ಮೂಸಿದರು. ಬಿಲ್ಲು, ಆಧಾರ್ ಎಲ್ಲ ನೋಡಿದರು. ಕೊನೆಗೆ ಒಬ್ಬ ಅಧಿಕಾರಿ, "ನಿಮ್ಮದೇನೂ ತಪ್ಪಿಲ್ಲ ಸಾರ್. ಆದ್ರೆ ಇದನ್ನ ತಗೊಂಡು ರೈಲು ಹತ್ತೋ ಹಾಗಿಲ್ಲ," ಎಂದು ಕೈಮುಗಿದ. ಇಬ್ಬರೂ ಬಿಸಿಲಿನಲ್ಲಿ ನಡೆದೇ ಬಸವನಗುಡಿಗೆ ಬಂದರು. ದಾರಿಯುದ್ದಕ್ಕೂ ಶೀನಣ್ಣ ತಮ್ಮ ಮೂರನೆಯ ಗುಂಡಿನ ಕತೆ ಹೇಳಿದರು.

ಮನೆ ತಲುಪಿದಾಗ ಮೂರೂವರೆ. ರಂಗನಾಯಕಿ ಮಗನ ಅವತಾರವನ್ನು ಗಮನಿಸದೆ ಪೆಟ್ಟಿಗೆ ಕಿತ್ತುಕೊಂಡು, ಪಿಸ್ತೂಲನ್ನು ತೆಗೆದು ಪಟ್ಟದ ಗೊಂಬೆಗಳ ಪಾದದ ಬಳಿ, ಈಳಿಗೆಮಣೆ ಮತ್ತು ಹೊಲಿಗೆ ಮಿಷನ್ನಿನ ಮಧ್ಯೆ ಇಟ್ಟು ಹೂವೇರಿಸಿದರು.

ಆರತಿಗೆ ಕರೆದು ಬಂದ ಆರಾಧನಾ ಬಾಗಿಲಲ್ಲೇ ನಿಂತಳು. "ನಿಜವಾಗ್ಲೂ ತಂದ್ಯಾ ಅಪ್ಪ?" ಎಂದು ಓಡಿಬಂದು, ಕುಂಕುಮವನ್ನೂ ನೋಡದೆ ಅವನನ್ನು ತಬ್ಬಿಕೊಂಡಳು. ಹೊಸ ರೇಷ್ಮೆ ಲಂಗಕ್ಕೆ ಕಲೆಯಾಯಿತು. ಮಧುಸೂದನನಿಗೆ ಬೆಳಗಿನಿಂದ ಪಟ್ಟದ್ದೆಲ್ಲ ಮರೆತುಹೋಗಿ, ತಾನೂ ಒಬ್ಬ ತಂದೆ ಎನ್ನಿಸಿಕೊಂಡೆ ಎಂದು ಬಹಳ ಖುಷಿಯಾಯಿತು.

ಆರು ಗಂಟೆಗೆ ಆರತಿಗೆ ಹೆಂಗಸರು ಬಂದರು. ಪ್ರಿಯಂವದಾ ಕರೆದಿದ್ದರಿಂದ ಶೂಟಿಂಗ್ ಕ್ಲಬ್ಬಿನ ಕೋಚ್ ರಕ್ಷಿತಾ ಕೂಡ ಬಂದಳು. ಶೀನಣ್ಣನನ್ನು ಯಾರೂ ಕರೆದಿರಲಿಲ್ಲ, ಆದರೂ ಮುಂದಿನ ಕುರ್ಚಿಯಲ್ಲಿದ್ದರು. ರಕ್ಷಿತಾ ಗೊಂಬೆಗಳಿಗಿಂತ ಮೊದಲು ಪಿಸ್ತೂಲನ್ನು ನೋಡಿದಳು.

"ಚೆನ್ನಾಗಿರೋದೇ ತಂದಿದೀರ ಸಾರ್. ಯಾರಿಗೆ?"

ಮಧುಸೂದನ ನಕ್ಕ. "ಆರಾಧನಾಗೆ. ಕೈ ಅಳತೆ ಕೊಟ್ಟು ತಂದಿದ್ದು."

ರಕ್ಷಿತಾಳ ಹುಬ್ಬು ಗಂಟಾಯಿತು. "ಒಂದ್ಸಲ ಹಿಡಿದು ತೋರ್ಸು ಪುಟ್ಟಾ," ಎಂದಳು.

ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲವೆಂದು ರಂಗನಾಯಕಿ ಅಡ್ಡಬಂದರು. ಮಂಗಳಾರತಿ ಆದರೆ ಆಯಿತಲ್ಲ ಎಂದ ಮಧುಸೂದನ, ಆ ದಿನದ ಅಭ್ಯಾಸಬಲದಿಂದ ತಾನೇ ಎತ್ತಿಬಿಟ್ಟ. ಆರಾಧನಾ ಗೊಂಬೆಗಳ ಮುಂದೆ ಬಂದು, ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ, ಪಿಸ್ತೂಲಿಗೆ ಕೈ ಹಾಕಿದಳು. ಎಡಗೈ.

ಹಿಡಿ ಕೂರಲಿಲ್ಲ. ಹೆಬ್ಬೆರಳಿನ ದಿಂಬು ಅಂಗೈಗೆ ಒತ್ತಿತು, ಬೆರಳುಗಳು ತಗ್ಗು ಹುಡುಕಿ ಸೋತವು.

"ಬಲಗೈಲಿ ಹಿಡಿಯೇ," ಎಂದರು ರಂಗನಾಯಕಿ.

"ಬಲಗೈಲಿ ನಂಗೆ ಹೊಡಿಯಕ್ಕೆ ಬರಲ್ಲ ಅಜ್ಜಿ."

"ಅವಳು ಎಡಗೈಯವಳಲ್ವಾ ಸಾರ್," ಎಂದಳು ರಕ್ಷಿತಾ. "ಶಿಬಿರದ ಹತ್ತೂ ದಿನ ಎಡಗೈಲೇ ಹೊಡೆದಿದಾಳೆ, ಎಲ್ಲರಿಗಿಂತ ಚೆನ್ನಾಗಿ. ನಿಮಗೆ ಗೊತ್ತಿರಲಿಲ್ವಾ?"

ಆರಾಧನಾ ಎರಡು ವರ್ಷದವಳಿದ್ದಾಗ ಎಡಗೈಯಲ್ಲಿ ಮೊಸರನ್ನ ತಿಂದದ್ದು, ಅಜ್ಜಿ ಆ ಕೈಗೆ ಹಗುರಾಗಿ ಏಟು ಹಾಕಿ ಬಲಗೈಗೆ ಬದಲಾಯಿಸಿದ್ದು, ಅಲ್ಲಿಗೆ ಈ ಮನೆಯಲ್ಲಿ ಆ ವಿಷಯ ಮುಗಿದಿತ್ತು. ಊಟ, ಬರೆಹ ಬಲಗೈಗೆ ಬಂದಿದ್ದವು. ಉಳಿದದ್ದು ಏನಾಯಿತೆಂದು ಯಾರೂ ವಿಚಾರಿಸಿರಲಿಲ್ಲ.

"ಬೆಳಿಗ್ಗೆ ಹೇಳಕ್ಕೆ ಹೋದೆ," ಎಂದಳು ಆರಾಧನಾ ಸಣ್ಣಗೆ. "ಅಜ್ಜಿ, ಎದುರು ಮಾತಾಡ್ಬೇಡ ಅಂದ್ರು."

ಮಧುಸೂದನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ. ಪೂಜೆ ಮಾಡಿ ಅದನ್ನು ವಾಪಸಾಗದ ಮಾಲು ಮಾಡಿದವನು ತಾನೇ. ಬೆಳಿಗ್ಗೆ ಆರೂವರೆಗೆ ತಂಡ ಶುರು. ಇನ್ನೇನು ಐದನೆಯ "ಪರವಾಗಿಲ್ಲ" ಬರುತ್ತದೆಂದು ತಲೆ ತಗ್ಗಿಸಿ ಕಾದ.

"ಅವಳ ಸೀಟು ಹೋಯ್ತಲ್ಲ ಮೇಡಂ," ಎಂದ.

"ಯಾಕೆ ಹೋಗುತ್ತೆ? ಅವಳ ಹೆಸರು ಹೋದ ತಿಂಗಳೇ ಬರ್ಕೊಂಡಿದೀನಿ. ಕ್ಲಬ್ಬಲ್ಲಿ ಒಂದು ಎಡಗೈ ಪಿಸ್ತೂಲಿದೆ, ಅವಳನ್ನ ಬಿಟ್ರೆ ಮುಟ್ಟೋರೇ ಇಲ್ಲ. ಅದು ಅವಳಿಗೇ ಅಂತ ಹಂಚಿಕೆ ಆಗಿದೆ. ಬೆಳಿಗ್ಗೆ ಹಾಕಿದ್ದು ಎಲ್ಲರಿಗೂ ಹಾಕಿದ ಮೆಸೇಜು ಸಾರ್. ನೀವೊಂದು ಫೋನ್ ಮಾಡಿದ್ರೆ ಹೇಳ್ತಿದ್ದೆ."

ಮಧುಸೂದನ ಹದಿನೇಳು ಬಂದೂಕು, ಒಂದು ಜೆರಾಕ್ಸ್ ಮಿಷನ್ನು, ಒಂದು ಕುಂಬಳಕಾಯಿ ಮತ್ತು ಮೆಟ್ರೋ ಸ್ಟೂಲನ್ನು ಕ್ರಮವಾಗಿ ನೆನೆದ. ಆದರೂ ಮಗಳ ಸೀಟು ಉಳಿಯಿತಲ್ಲ ಎಂದು ನೆಮ್ಮದಿಯ ಉಸಿರು ಬಿಡಲು ಹೊರಟ. ಅದನ್ನು ಪೂರ್ತಿ ಬಿಡಲು ಶೀನಣ್ಣ ಬಿಡಲಿಲ್ಲ.

"ಹಾಗಾದ್ರೆ ಸ್ವಂತ ಪಿಸ್ತೂಲಿರೋರಿಗೆ ಅಂದ್ರಲ್ಲ, ಆ ಸೀಟು ಇನ್ನೂ ಖಾಲಿ ಇದೆಯಾ?"

"ಇದೆ. ವಯಸ್ಸಿನ ಮಿತಿ ಇಲ್ಲ, ಹೊಸಬರಾದ್ರೆ ಆಯ್ತು."

"ಈ ಪಿಸ್ತೂಲು ಮಧು ಕೈಗೆ ಹೇಳಿ ಮಾಡಿಸಿದ ಹಾಗಿದೆ. ಅಂಗಡೀಲಿ ನಾನೇ ಕಣ್ಣಾರೆ ನೋಡ್ದೆ. ಹಿಡಿಯೋ ಮಧು, ತೋರ್ಸೋ."

ಕೂಡಿದ ಹೆಂಗಸರೆಲ್ಲ ತಿರುಗಿದರು. ಆರಾಧನಾ ಪಿಸ್ತೂಲನ್ನು ನೆಲದ ಕಡೆ ಮೂತಿ ಮಾಡಿ ಅಪ್ಪನ ಬಲಗೈಯೊಳಗೆ ಇಟ್ಟಳು. ಅದು ಹೋಗಿ ಕೂತಿತು. "ನೀನೂ ಬಾಪ್ಪ," ಎಂದಳು. "ನನ್ನ ಪಕ್ಕದಲ್ಲೇ ನಿಂತ್ಕೋ. ನಾನು ಹೇಳ್ಕೊಡ್ತೀನಿ." ಅವಳ ಮುಖ ನೋಡಿ ಆಗುವುದಿಲ್ಲ ಎನ್ನಲು ಮಧುಸೂದನನಿಗೆ ಬಾಯಿ ಬರಲಿಲ್ಲ.

"ಸದ್ದು?" ಎಂದ ಮೆಲ್ಲಗೆ.

"ಒಬ್ಬರು ಹೊಡೆದ್ರೆ ಏನೂ ಕೇಳ್ಸಲ್ಲ ಸಾರ್," ಎಂದಳು ರಕ್ಷಿತಾ. "ಹದಿನೆಂಟು ಜನ ಒಟ್ಟಿಗೆ ಹೊಡೆದಾಗ ಸ್ವಲ್ಪ. ಬೆಳಿಗ್ಗೆ ಆರೂವರೆ, ಮರೀಬೇಡಿ."

ರಂಗನಾಯಕಿ ಕೋಸಂಬರಿಯ ಪಾತ್ರೆ ಹಿಡಿದು ಬಂದರು. ಆರಾಧನಾ ಮೈಮರೆತು ಎಡಗೈ ಚಾಚಿದಳು. ಅಜ್ಜಿಯ ಬಾಯಿ ಅಭ್ಯಾಸದಂತೆ ತೆರೆದು, ಹಾಗೇ ಮುಚ್ಚಿಕೊಂಡಿತು. ಸೌಟು ತುಂಬ ಕೋಸಂಬರಿ ಆ ಎಡಗೈಯ ಮೇಲೇ ಬಿತ್ತು. ಬೆಳಗಿನಿಂದ ಒಂದು ಲೋಟ ನೀರಿನ ಮೇಲಿದ್ದ ಮಧುಸೂದನ ಅದನ್ನು ನೋಡಿ ತಾನೂ ಎಡಗೈ ಚಾಚಿದ.

"ನಿಂಗೇನೋ ಬಂದಿದ್ದು?" ಎಂದರು ರಂಗನಾಯಕಿ. "ಬಲಗೈ ನೀಡು."

"ಬಲಗೈಲಿ ಪಿಸ್ತೂಲಿದೆ ಅಮ್ಮಾ."

"ಹಾಗಾದ್ರೆ ಅದನ್ನಿಟ್ಟು, ಕೈ ತೊಳ್ಕೊಂಡು ಬಾ," ಎಂದು ಅವರು ಪಾತ್ರೆಯಲ್ಲಿ ಉಳಿದದ್ದನ್ನು ಶೀನಣ್ಣನಿಗೆ ಬಡಿಸಿದರು.